ಕಾರ್ಟಿಂಗ್ ಟ್ರ್ಯಾಕ್ ಉದ್ದ ಮಾಡುವ ಮೊದಲು ಅದರಾಚೆಯ ಖಾಲಿ ಜಾಗ ಅಳೆಯಿರಿ

ಪ್ರಶ್ನೆ: ಕೋಲಾರದ ಹತ್ತಿರ ನಮ್ಮದು 1.1 ಕಿ.ಮೀ. ಉದ್ದ, 8 ಮೀಟರ್ ಅಗಲದ ಕಾರ್ಟಿಂಗ್ ಟ್ರ್ಯಾಕ್ ಇದೆ. ಪಕ್ಕದ ಜಮೀನು ಕೊಂಡ ಮೇಲೆ ಒಟ್ಟು 36 ಎಕರೆ ಆಗಿದೆ. ಬೆಂಗಳೂರಿನಿಂದ ಬರುವ ಹುಡುಗರು ‘ಕಾರು, ಬೈಕು ಓಡಿಸಲು ಜಾಗ ಮಾಡಿಕೊಡಿ, ಪ್ರತಿ ಸಲ ಚೆನ್ನೈಗೋ ಕೊಯಮತ್ತೂರಿಗೋ ಹೋಗೋಕಾಗಲ್ಲ’ ಅನ್ನುತ್ತಿದ್ದಾರೆ. ಟ್ರ್ಯಾಕನ್ನು 2.2 ಕಿ.ಮೀ.ಗೆ ಬೆಳೆಸಿ, ಅದರಲ್ಲಿ 700 ಮೀಟರ್ ನೇರ ದಾರಿ ಕೊಡುವ ಯೋಚನೆ ಇದೆ. ಹೆದ್ದಾರಿ ಕೆಲಸ ಮಾಡುವ ಕಂಟ್ರಾಕ್ಟರ್ ಒಬ್ಬರು ‘ಹೈವೇ ಕ್ವಾಲಿಟಿಯಲ್ಲೇ ಹಾಕಿಕೊಡ್ತೀನಿ’ ಎಂದಿದ್ದಾರೆ. ಎಫ್‌ಐಎ (ಮೋಟಾರ್ ರೇಸಿಂಗಿನ ಅಂತರರಾಷ್ಟ್ರೀಯ ಒಕ್ಕೂಟ) ಲೈಸೆನ್ಸ್ ಇಲ್ಲದೆ ನಡೆಸಬಹುದೇ? ತಿರುವುಗಳ ಹೊರಗೆ ಜಲ್ಲಿ ಸುರಿದರೆ ಸಾಕೇ? ಹಳೇ ಟ್ರ್ಯಾಕಿನ ಒಂದು ತಿರುವಿನಲ್ಲಿ ಮಳೆ ಬಂದಾಗಲೆಲ್ಲ ನೀರು ನಿಲ್ಲುತ್ತದೆ, ಅದಕ್ಕೇನು ಮಾಡಬೇಕು? ಊರು 600 ಮೀಟರ್ ದೂರದಲ್ಲಿದೆ. ಸದ್ದಿನ ತಕರಾರು ಬಂದೀತೆಂದು ಮನೆಯಲ್ಲಿ ಹೆದರುತ್ತಿದ್ದಾರೆ.

ಉತ್ತರ: ನೀವು ಐದಾರು ಪ್ರಶ್ನೆ ಕೇಳಿದ್ದೀರಿ. ಆದರೆ ಎಲ್ಲಕ್ಕೂ ಬೇರಿನಂತಿರುವುದು ನೀವು ಕೇಳದೇ ಬಿಟ್ಟ ಒಂದು ಪ್ರಶ್ನೆ: ನಿಮ್ಮ ಅತಿ ವೇಗದ ಜಾಗದಲ್ಲಿ ಒಬ್ಬ ಬ್ರೇಕ್ ತಪ್ಪಿದರೆ ಅವನು ಎಲ್ಲಿ ಹೋಗಿ ನಿಲ್ಲುತ್ತಾನೆ? ಅದಕ್ಕೆ ಉತ್ತರ ಸಿಕ್ಕರೆ ಟ್ರ್ಯಾಕಿನ ಉದ್ದ ತಾನಾಗಿಯೇ ಗೊತ್ತಾಗುತ್ತದೆ. ಉದ್ದ ಮೊದಲು ಗೊತ್ತುಮಾಡಿಕೊಂಡು ಉಳಿದ ಜಾಗವನ್ನು ಹೊರಬಿದ್ದ ಗಾಡಿ ನಿಲ್ಲುವ ಖಾಲಿ ಜಾಗಕ್ಕೆ, ಅಂದರೆ ರನ್-ಆಫ್‌ಗೆ ಬಿಡುವುದು ತಲೆಕೆಳಗಾದ ಕ್ರಮ. ಹೊಸದಾಗಿ ಕಟ್ಟುವ ಬಹಳ ಮಂದಿ ಮಾಡುವುದು ಇದನ್ನೇ.

ಲೆಕ್ಕ ನೋಡಿ. ಬಾಡಿಗೆ ಕಾರ್ಟ್ ಮತ್ತು ಚಾಲಕ ಸೇರಿ ಸುಮಾರು 230 ಕೆ.ಜಿ., ವೇಗ ಗಂಟೆಗೆ 70 ಕಿ.ಮೀ. ಅಂದುಕೊಳ್ಳೋಣ. 700 ಮೀಟರ್ ನೇರ ದಾರಿಯಲ್ಲಿ ಸ್ವಲ್ಪ ಟ್ಯೂನ್ ಮಾಡಿದ ಹ್ಯಾಚ್‌ಬ್ಯಾಕ್ ಕೂಡ 160 ಮುಟ್ಟುತ್ತದೆ, ಚಾಲಕ ಸೇರಿ ಅದರ ತೂಕ 1,100 ಕೆ.ಜಿ. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟಾಗುತ್ತದೆ. ತೂಕವನ್ನೂ ಸೇರಿಸಿದರೆ ಆ ಕಾರು ನಿಮ್ಮ ಕಾರ್ಟಿಗಿಂತ ಸುಮಾರು 25 ಪಟ್ಟು ಶಕ್ತಿ ಹೊತ್ತು ತಿರುವಿಗೆ ಬರುತ್ತದೆ. ಒಣ ಡಾಂಬರಿನ ಮೇಲೆ ಪೂರ್ತಿ ಬ್ರೇಕ್ ಹಿಡಿದರೂ ಅದು ನಿಲ್ಲಲು 125 ಮೀಟರ್ ಬೇಕು. ಒದ್ದೆ ಹುಲ್ಲಿಗೆ ಇಳಿಯಿತೋ, 330 ಮೀಟರ್ ದಾಟುತ್ತದೆ. ನಿಮ್ಮ ಜಮೀನಿನಲ್ಲಿ ಅಷ್ಟು ಉದ್ದದ ಖಾಲಿ ಜಾಗ ಎಲ್ಲಿಯೂ ಇರಲಾರದು.

ನೇರ ದಾರಿಯನ್ನು 400 ಮೀಟರಿಗೆ ಇಳಿಸಿ. ಅದೇ ಕಾರು ಆಗ 130ರ ಆಸುಪಾಸಿಗೆ ಬರುತ್ತದೆ, ನಿಲ್ಲಲು ಡಾಂಬರಿನ ಮೇಲೆ 83 ಮೀಟರ್ ಸಾಕು. ಬ್ರೇಕ್ ಪೂರ್ತಿ ಕೈಕೊಡುವುದು ಅಪರೂಪ. ಸಾಮಾನ್ಯವಾಗಿ ಚಾಲಕ ಅರ್ಧ ವೇಗ ಕಳೆದುಕೊಂಡ ಮೇಲೆಯೇ ಹೊರಗೆ ಜಾರುತ್ತಾನೆ. ಹಾಗಾಗಿ ಆ ತಿರುವಿನ ಹೊರಗೆ 60 ಮೀಟರ್ ಗಟ್ಟಿ ಜಾಗ, ಅದರ ಕೊನೆಗೆ ಸರಿಯಾಗಿ ಕಟ್ಟಿದ ಟೈರ್ ಗೋಡೆ ಇದ್ದರೆ ಹವ್ಯಾಸಿಗಳಿಗೆ ಸಾಕಾಗುತ್ತದೆ. ಉದ್ದದ ನೇರ ದಾರಿ ಇದ್ದರೇ ಜನ ಬರುತ್ತಾರೆ ಎನ್ನುವುದು ಹೊರಗಿನಿಂದ ನೋಡುವವರ ನಂಬಿಕೆ. ಟ್ರ್ಯಾಕ್ ಡೇಗೆ (ತಮ್ಮದೇ ಗಾಡಿ ತಂದು ಟ್ರ್ಯಾಕಿನಲ್ಲಿ ಓಡಿಸುವ ದಿನ) ದುಡ್ಡು ಕೊಟ್ಟು ಬರುವವನು ಹೆಚ್ಚು ಕಲಿಯುವುದು ಮಧ್ಯಮ ವೇಗದ ತಿರುವುಗಳಲ್ಲಿ. 700 ಮೀಟರ್ ಎಳೆದಾಗ ಅವನಿಗೆ ಸಿಗುವುದು ಬಿಸಿಯಾದ ಬ್ರೇಕ್ ಪ್ಯಾಡ್ ಮಾತ್ರ.

ಈಗ 36 ಎಕರೆಯ ಲೆಕ್ಕ. ಅದು ಸುಮಾರು 1,45,700 ಚದರ ಮೀಟರ್. 12 ಮೀಟರ್ ಅಗಲದ 2.2 ಕಿ.ಮೀ. ಟ್ರ್ಯಾಕಿಗೆ ಡಾಂಬರು ಬೀಳುವುದು ಬರೀ ಆರೂವರೆ ಎಕರೆಯಲ್ಲಿ. ಆದರೆ ಎರಡೂ ಬದಿ ಸರಾಸರಿ 30 ಮೀಟರ್ ಬಿಟ್ಟರೆ ಒಟ್ಟು 39 ಎಕರೆ ಬೇಕು. ಗಾಡಿ ನಿಲ್ಲಿಸಿ ರಿಪೇರಿ ಮಾಡುವ ಪಿಟ್, ಸಜ್ಜು ಮಾಡುವ ಪ್ಯಾಡಕ್ ಅಂಗಳ, ಪಾರ್ಕಿಂಗ್ ಇನ್ನೂ ಸೇರಿಲ್ಲ. ನಿಧಾನದ ಜಾಗಗಳಲ್ಲಿ ಬದಿ ಕಡಿಮೆ ಸಾಕು ಎಂದು ಹಿಡಿದು, ಎರಡೂ ಬದಿ ಸೇರಿ ಸರಾಸರಿ 40 ಮೀಟರ್ ಲೆಕ್ಕ ಹಾಕಿದರೂ 1.8 ಕಿ.ಮೀ.ಗೆ 23 ಎಕರೆ ಹೋಗುತ್ತದೆ. ಪ್ಯಾಡಕ್‌ಗೆ ಐದು ಎಕರೆ ಇಡಿ. ಉಳಿದದ್ದು ಕಾಲುವೆ, ಗಡಿ, ಸದ್ದು ತಡೆಯುವ ಮಣ್ಣಿನ ದಿಬ್ಬ, ಆ್ಯಂಬುಲೆನ್ಸ್ ಓಡಾಡುವ ದಾರಿಗೆ. ಆದ್ದರಿಂದ ನನ್ನ ಪ್ರಕಾರ ನಿಮ್ಮ ಮಿತಿ 1.7ರಿಂದ 1.8 ಕಿ.ಮೀ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಸುಮಾರು 2.1 ಕಿ.ಮೀ.ಯಷ್ಟೇ ಇದೆ, ಅಲ್ಲಿ ರಾಷ್ಟ್ರೀಯ ಚಾಂಪಿಯನ್‌ಶಿಪ್‌ಗಳೇ ನಡೆಯುತ್ತವೆ. ಚೆನ್ನೈ ಹತ್ತಿರದ ಶ್ರೀಪೆರಂಬದೂರಿನ 3.7 ಕಿ.ಮೀ. ಟ್ರ್ಯಾಕಿನ ಜೊತೆ ಪೈಪೋಟಿಗೆ ನಿಲ್ಲಬೇಕಾಗಿಲ್ಲ.

ಎಫ್‌ಐಎ ಲೈಸೆನ್ಸ್ ವಿಚಾರದಲ್ಲಿ ಗೊಂದಲ ಬೇಡ. ಎಫ್‌ಐಎ ಗ್ರೇಡ್ ಬೇಕಾಗುವುದು ಅಂತರರಾಷ್ಟ್ರೀಯ ಸ್ಪರ್ಧೆಗಳಿಗೆ. ನಮ್ಮಲ್ಲಿ ರಾಷ್ಟ್ರಮಟ್ಟದ ಅಧಿಕೃತ ರೇಸ್ ನಡೆಸಬೇಕಾದರೆ ಎಫ್‌ಎಂಎಸ್‌ಸಿಐ, ಅಂದರೆ ಭಾರತದ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟ, ಬಂದು ಪರಿಶೀಲಿಸಿ ಅನುಮತಿ ಕೊಡಬೇಕು. ಒಬ್ಬೊಬ್ಬರೇ ಸಮಯದ ವಿರುದ್ಧ ಓಡಿಸುವ ಟ್ರ್ಯಾಕ್ ಡೇ, ಚಾಲನಾ ತರಬೇತಿ ಇವಕ್ಕೆ ಎಫ್‌ಐಎ ಗ್ರೇಡ್ ಬೇಡ. ಹಾಗೆಂದು ಅದರ ಕೈಪಿಡಿಯನ್ನು ಪಕ್ಕಕ್ಕಿಡಬೇಡಿ. ಅದರ ಅಂಕಿಗಳು ಅಪಘಾತಗಳಿಂದ ಕಲಿತವು: ಹೊಸ ಶಾಶ್ವತ ಟ್ರ್ಯಾಕಿಗೆ ಕನಿಷ್ಠ 12 ಮೀಟರ್ ಅಗಲ, ಅಗಲ ಬದಲಾಗುವುದಾದರೆ ಪ್ರತಿ 20 ಮೀಟರಿಗೆ 1 ಮೀಟರಿಗಿಂತ ಹೆಚ್ಚಿಲ್ಲ, ನೇರ ದಾರಿಯಲ್ಲಿ ಅಡ್ಡ ಇಳಿಜಾರು ಶೇ 1.5ರಿಂದ 3. ದಿಬ್ಬಗಳಿಗೂ ಒಂದು ಸೂತ್ರವಿದೆ. ಗಂಟೆಗೆ ಕಿ.ಮೀ.ನಲ್ಲಿ ವೇಗವನ್ನು ಅದರಿಂದಲೇ ಗುಣಿಸಿ, ಉಬ್ಬಿಗಾದರೆ 15ರಿಂದ, ತಗ್ಗಿಗಾದರೆ 20ರಿಂದ ಭಾಗಿಸಿದರೆ ಆ ವಕ್ರಕ್ಕೆ ಬೇಕಾದ ಕನಿಷ್ಠ ತ್ರಿಜ್ಯ ಮೀಟರಿನಲ್ಲಿ ಬರುತ್ತದೆ. 130 ಕಿ.ಮೀ. ವೇಗದ ಉಬ್ಬಿಗೆ ಸುಮಾರು 1,130 ಮೀಟರ್. ಕೋಲಾರದ ಬಂಡೆ ನೆಲದಲ್ಲಿ ಗುಡ್ಡದ ಏರಿಳಿತ ಬಳಸಿಕೊಳ್ಳುವ ಆಸೆ ಸಹಜ, ಆದರೆ ಈ ಲೆಕ್ಕ ತಪ್ಪಿದರೆ ಬ್ರೇಕ್ ಹಿಡಿಯುವ ಜಾಗದಲ್ಲೇ ಕಾರು ಹಗುರಾಗಿ ಚಕ್ರಗಳು ಲಾಕ್ ಆಗುತ್ತವೆ. ಟ್ರ್ಯಾಕ್ ಡೇಗಷ್ಟೇ ಆದರೆ 10 ಮೀಟರ್ ಅಗಲ ನಡೆದೀತು. ಒಟ್ಟೊಟ್ಟಿಗೆ ರೇಸ್ ಮಾಡಿಸುವ ಉದ್ದೇಶ ಎಂದಾದರೂ ಇದ್ದರೆ ಹೊಸ ಭಾಗವನ್ನು ಈಗಲೇ 12ಕ್ಕೆ ಹಾಕಿ. ಆಮೇಲೆ ಎರಡು ಮೀಟರ್ ಅಂಟಿಸುವುದು ಎಷ್ಟು ತಾಪತ್ರಯ ಎಂಬುದು ಹಳೇ ಭಾಗದ ಕೆಲಸದಲ್ಲೇ ತಿಳಿಯುತ್ತದೆ.

ಆ ಹಳೇ ಭಾಗಕ್ಕೆ ಬರೋಣ. ಕಾರ್ಟ್ ಟ್ರ್ಯಾಕಿನ ತಿರುವುಗಳು ಕಾರಿಗೆ ತೀರಾ ಬಿಗಿ. 15 ಮೀಟರ್ ತ್ರಿಜ್ಯದ ತಿರುವಿನಲ್ಲಿ ಒಳ್ಳೆಯ ಟೈರಿದ್ದರೂ ಕಾರು ಗಂಟೆಗೆ 44 ಕಿ.ಮೀ. ದಾಟದು, 30 ಮೀಟರ್ ತ್ರಿಜ್ಯದಲ್ಲಿ 62. ಅಂಥ ಬಿಗಿ ತಿರುವು ಒಂದೆರಡಿದ್ದರೆ ಪರವಾಗಿಲ್ಲ, ಐದಾರಿದ್ದರೆ ಕಾರಿನವರು ಎರಡನೇ ಸಲ ಬರುವುದಿಲ್ಲ. ಕಾರ್ಟಿಂಗಿನ, ತಿರುವಿನ ಅಂಚಿಗೆ ಕಟ್ಟಿದ ಎತ್ತರದ ಕರ್ಬ್‌ಗಳನ್ನೂ ಕಿತ್ತುಹಾಕಬೇಕು. ಅವು ಕಾರಿನ ಆಯಿಲ್ ಸಂಪ್ ಒಡೆಯುತ್ತವೆ, ಬೈಕನ್ನು ಗಾಳಿಗೆ ಎತ್ತುತ್ತವೆ. 25ರಿಂದ 50 ಮಿ.ಮೀ. ಎತ್ತರದ ಚಪ್ಪಟೆ ಕರ್ಬ್ ಸಾಕು.

ಅಗಲಿಸುವಾಗ ಬದಿಗೊಂದು ಮೀಟರಿನ ಪಟ್ಟಿ ಹಾಕಿಸಬೇಡಿ. ದೊಡ್ಡ ರೋಲರ್ ಅದರೊಳಗೆ ಇಳಿಯುವುದಿಲ್ಲ, ಒತ್ತಡ ಸಾಲದೆ ಒಂದೇ ಮಳೆಗಾಲದಲ್ಲಿ ಆ ಪಟ್ಟಿ ಕುಸಿಯುತ್ತದೆ. ಒಂದೇ ಬದಿಯಲ್ಲಿ ಕನಿಷ್ಠ ಎರಡು ಮೀಟರ್ ಅಗಲಿಸಿ. ಹಳೇ ಡಾಂಬರಿನ ಅಂಚನ್ನು ಪ್ರತಿ ಪದರಕ್ಕೂ ಒಂದಡಿಯಂತೆ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿ ಹೊಸ ಪದರಗಳನ್ನು ಅದರ ಮೇಲೆ ಕೂರಿಸಿ. ಕೊನೆಯ ಪದರವನ್ನು ಹಳೇದು ಹೊಸದು ಸೇರಿ ಇಡೀ ಅಗಲಕ್ಕೆ ಒಂದೇ ಸಲ ಹಾಸಬೇಕು. ಇಲ್ಲದಿದ್ದರೆ ಆ ಜೋಡಣೆಯ ಗೆರೆ ಬಾಯಿಬಿಡುವುದು ಖಂಡಿತ.

ನೀರು ನಿಲ್ಲುವ ತಿರುವಿಗೆ ಬಹುಶಃ ಚರಂಡಿ ಕಾರಣವಲ್ಲ. ನೇರ ದಾರಿಯಲ್ಲಿ ಒಂದು ಕಡೆಗೆ ವಾಲಿದ ಮೇಲ್ಮೈ ತಿರುವಿನಲ್ಲಿ ಇನ್ನೊಂದು ಕಡೆಗೆ ವಾಲಬೇಕು. ಆ ಬದಲಾವಣೆಯ ನಡುವೆ ಎಲ್ಲೋ ಒಂದು ಜಾಗದಲ್ಲಿ ಅಡ್ಡ ಇಳಿಜಾರು ಸೊನ್ನೆಯಾಗುತ್ತದೆ. ಅದೇ ಜಾಗದಲ್ಲಿ ಉದ್ದಕ್ಕೂ ಇಳಿಜಾರಿಲ್ಲದಿದ್ದರೆ ನೀರಿಗೆ ಹೋಗಲು ದಾರಿಯೇ ಇರುವುದಿಲ್ಲ, ನೀವು ಎಷ್ಟೇ ಚರಂಡಿ ತೋಡಿದರೂ ಅಷ್ಟೇ. ಆ ಸೊನ್ನೆಯ ಜಾಗವನ್ನು ಬ್ರೇಕ್ ಹಿಡಿಯುವ ಭಾಗದಿಂದ ಆಚೆಗೆ ಸರಿಸಿ, ಅಲ್ಲಿ ಉದ್ದದ ಇಳಿಜಾರು ಕನಿಷ್ಠ ಶೇ 0.5 ಇರುವಂತೆ ನಕ್ಷೆಯಲ್ಲೇ ಕೂರಿಸಬೇಕು. ತಗ್ಗಿನ ಬದಿಗೆ ಅಗಲಿಸಿದರೆ ಹಳೇ ಚರಂಡಿ ಹೊಸ ಡಾಂಬರಿನ ಅಡಿಗೆ ಹೋಗುತ್ತದೆ ಎಂಬುದನ್ನೂ ನೆನಪಿಡಿ.

ಹೈವೇ ಕ್ವಾಲಿಟಿ ಎನ್ನುವುದು ಅರ್ಧ ಸತ್ಯ. ತಳದ ಕೆಲಸದಲ್ಲಿ ನಿಮ್ಮ ಕಂಟ್ರಾಕ್ಟರ್ ನಿಮಗಿಂತ ಚೆನ್ನಾಗಿ ಬಲ್ಲವರು: ಮಣ್ಣನ್ನು 20 ಸೆಂ.ಮೀ. ಪದರಗಳಲ್ಲಿ ಹಾಕಿ ಒತ್ತುವುದು, ಅದರ ಮೇಲೆ ಜಿಎಸ್‌ಬಿ, ವೆಟ್ ಮಿಕ್ಸ್ (ಎರಡೂ ಜಲ್ಲಿಯ ಪದರಗಳು), ಡಿಬಿಎಂ (ಡಾಂಬರು ಬೆರೆಸಿದ ಜಲ್ಲಿಯ ಪದರ). ನಿಮ್ಮ ಕೆಂಪು ಮಣ್ಣು ಇದಕ್ಕೆ ಒಳ್ಳೆಯದೇ, ಎರೆಭೂಮಿಯಾಗಿದ್ದರೆ ಕಥೆಯೇ ಬೇರೆ. ಬಂಡೆ ಕಡಿದ ಜಾಗ ಮತ್ತು ಮಣ್ಣು ತುಂಬಿದ ಜಾಗ ಸೇರುವಲ್ಲಿ ಮಾತ್ರ ಕಣ್ಣಿಡಿ. ತುಂಬಿದ್ದು ಕುಸಿಯುತ್ತದೆ, ಬಂಡೆ ಕುಸಿಯುವುದಿಲ್ಲ, ನಡುವೆ ಒಂದು ಉಬ್ಬು ಹುಟ್ಟುತ್ತದೆ. ಭರ್ತಿ ಎರಡು ಮೀಟರಿಗಿಂತ ಆಳವಿದ್ದರೆ ಒಂದು ಮಳೆಗಾಲ ಹಾಗೇ ಬಿಟ್ಟು ಆಮೇಲೆ ಡಾಂಬರು ಹಾಕಿಸುವುದು ಮೇಲು.

ತೊಂದರೆ ಇರುವುದು ಮೇಲಿನ 40 ಮಿ.ಮೀ.ನಲ್ಲಿ. ಹೆದ್ದಾರಿಯನ್ನು ಲಾರಿಗಳ ಭಾರ ಹೊರಲು ಕಟ್ಟುತ್ತಾರೆ. ರೇಸ್ ಟ್ರ್ಯಾಕಿಗೆ ಭಾರ ಕಡಿಮೆ, ಆದರೆ ಬಿಸಿಲಿಗೆ 50 ಡಿಗ್ರಿ ದಾಟಿದ ಮೇಲ್ಮೈಯನ್ನು ಟೈರುಗಳು ಅಡ್ಡಡ್ಡ ಎಳೆಯುತ್ತವೆ. ಸಾಮಾನ್ಯ ವಿಜಿ-30 ಬಿಟುಮೆನ್ ಅಂಥ ಎಳೆತಕ್ಕೆ ಬ್ರೇಕಿಂಗ್ ಜಾಗಗಳಲ್ಲಿ ಮಡಿಕೆ ಬೀಳುತ್ತದೆ, ತಿರುವಿನಲ್ಲಿ ಜಲ್ಲಿ ಬಿಟ್ಟುಕೊಳ್ಳುತ್ತದೆ. ಮೇಲಿನ ಪದರಕ್ಕೆ ಪಾಲಿಮರ್ ಬೆರೆಸಿದ ಬಿಟುಮೆನ್ ಕೇಳಿ. ಇನ್ನೊಂದು, ನಿಮ್ಮ ಸುತ್ತಮುತ್ತ ಸಿಗುವುದು ಗ್ರಾನೈಟ್ ಜಲ್ಲಿ. ಗ್ರಾನೈಟಿಗೂ ಬಿಟುಮೆನ್‌ಗೂ ಅಂಟು ಅಷ್ಟಕ್ಕಷ್ಟೆ, ನೀರು ಒಳಗಿಳಿದರೆ ಸುಲಿದುಕೊಳ್ಳುತ್ತದೆ. ಮಿಶ್ರಣದಲ್ಲಿ ಶೇ 2ರಷ್ಟು ಅರಳಿದ ಸುಣ್ಣ ಅಥವಾ ಅಂಟು ಹೆಚ್ಚಿಸುವ ರಾಸಾಯನಿಕ ಇರಬೇಕು, ಅದನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಿ.

ಹಾಸುವ ದಿನ ಗಮನಿಸಬೇಕಾದ್ದು ಮೂರು. 12 ಮೀಟರ್ ಅಗಲಕ್ಕೆ ಡಾಂಬರು ಹಾಸುವ ಯಂತ್ರಗಳು, ಅಂದರೆ ಎರಡು ಪೇವರ್‌ಗಳು ಒಂದರ ಹಿಂದೊಂದು, ಹತ್ತು ಹದಿನೈದು ಮೀಟರ್ ಅಂತರದಲ್ಲಿ ಸಾಗಬೇಕು. ಆಗ ನಡುವಿನ ಜೋಡಣೆ ಬಿಸಿ ಇರುವಾಗಲೇ ಬೆಸೆಯುತ್ತದೆ. ಹೆದ್ದಾರಿಯಲ್ಲಿ ಆ ಗೆರೆ ಲೇನಿನ ಬಿಳಿ ಪಟ್ಟಿಯ ಕೆಳಗೆ ಅಡಗುತ್ತದೆ, ಟ್ರ್ಯಾಕಿನಲ್ಲಿ ಕಾರುಗಳು ಹಿಡಿಯುವ ದಾರಿ, ಅಂದರೆ ರೇಸಿಂಗ್ ಲೈನ್, ಇಡೀ ಅಗಲವನ್ನು ಕತ್ತರಿಸಿಕೊಂಡು ಹೋಗುವುದರಿಂದ ಅಡಗಿಸಲು ಜಾಗವಿಲ್ಲ. ಎರಡನೆಯದು, ಪೇವರ್ ನಿಲ್ಲಬಾರದು. ನಿಂತಲ್ಲೆಲ್ಲ ಒಂದು ಸಣ್ಣ ಉಬ್ಬು. ಹೊಸದಾಗಿ ಹಾಕುವ ಒಂದು ಕಿ.ಮೀ.ಗೆ, 12 ಮೀಟರ್ ಅಗಲದಲ್ಲಿ, ಮೇಲಿನ ಪದರಕ್ಕೇ ಸುಮಾರು 1,150 ಟನ್ ಮಾಲು ಬೇಕು. ಹಾಟ್ ಮಿಕ್ಸ್ ಪ್ಲಾಂಟ್ ಗಂಟೆಗೆ ಎಷ್ಟು ಕೊಡುತ್ತದೆ, ಟಿಪ್ಪರ್‌ಗಳು ಎಷ್ಟಿವೆ ಎಂಬ ಲೆಕ್ಕ ಹಿಂದಿನ ದಿನವೇ ಆಗಿರಬೇಕು. ಮೂರನೆಯದು, 3 ಮೀಟರಿನ ನೇರ ಪಟ್ಟಿ ಇಟ್ಟು ನೋಡಿದಾಗ ಅಡಿಯಲ್ಲಿ 3 ಮಿ.ಮೀ.ಗಿಂತ ಹೆಚ್ಚು ಸಂದು ಕಾಣಬಾರದು. ಇದನ್ನು ಬಿಸಿ ಇರುವಾಗಲೇ ಅಳೆಯಿರಿ, ಆರಿದ ಮೇಲೆ ಅಳೆದು ಪ್ರಯೋಜನವಿಲ್ಲ. ಹಾಸಿದ ಮೇಲೆ ಒಂದೆರಡು ತಿಂಗಳು ರೇಸ್ ಟೈರ್ ಹತ್ತಿಸಬೇಡಿ. ಹೊಸ ಮೇಲ್ಮೈ ಮೇಲಿನ ಎಣ್ಣೆ ಪೊರೆ ಹೋಗುವವರೆಗೂ, ಮುಖ್ಯವಾಗಿ ಮೊದಲ ಮಳೆಗೆ, ಅದು ಜಾರುತ್ತದೆ.

ಜಲ್ಲಿ ಸುರಿಯುವ ವಿಚಾರಕ್ಕೆ ನನ್ನ ಉತ್ತರ ‘ಬೇಡ’. ಟಿವಿಯಲ್ಲಿ ಕಾಣುವ ಗ್ರಾವೆಲ್ ಹಾಸು 5ರಿಂದ 16 ಮಿ.ಮೀ.ನ ದುಂಡು ಕಲ್ಲುಗಳದ್ದು, 25 ಸೆಂ.ಮೀ. ಆಳ. ದುಂಡಗಿರುವುದರಿಂದಲೇ ಚಕ್ರ ಅದರಲ್ಲಿ ಹೂಳುತ್ತದೆ. ಕ್ರಷರಿನಿಂದ ಬರುವ 20 ಎಂಎಂ ಜಲ್ಲಿಗೆ ಮೂಲೆಗಳಿವೆ. ಅವು ಒಂದಕ್ಕೊಂದು ಕಚ್ಚಿಕೊಂಡು ಎರಡು ಮಳೆಗೆ ರಸ್ತೆಯಂತೆ ಗಟ್ಟಿಯಾಗುತ್ತವೆ, ಕಾರು ಅದರ ಮೇಲೆ ವೇಗ ಕಳೆದುಕೊಳ್ಳದೆ ಜಾರಿ ಸೀದಾ ಗೋಡೆಗೆ ಹೋಗುತ್ತದೆ. ದುಂಡು ಕಲ್ಲನ್ನೇ ತಂದರೂ ಎತ್ತರದ ಹ್ಯಾಚ್‌ಬ್ಯಾಕ್ ಅಡ್ಡವಾಗಿ ಅದರೊಳಗೆ ಹೋದರೆ ಮಗುಚುತ್ತದೆ. ಹವ್ಯಾಸಿಗಳ ಕಾರುಗಳಲ್ಲಿ ಎಲ್ಲಕ್ಕೂ ಮಗುಚಿದಾಗ ಒಳಗಿನವರನ್ನು ಕಾಪಾಡುವ ಉಕ್ಕಿನ ಚೌಕಟ್ಟು, ಅಂದರೆ ರೋಲ್ ಕೇಜ್, ಇರುವುದಿಲ್ಲ. ನೇರ ದಾರಿಯ ತುದಿಯ ತಿರುವಿಗೆ ಮೇಲೆ ಹೇಳಿದ 60 ಮೀಟರ್, ಉಳಿದ ತಿರುವುಗಳಿಗೆ ಟ್ರ್ಯಾಕಿನ ಅಂಚಿನಿಂದ 20ರಿಂದ 30 ಮೀಟರ್ ಒರಟು ಡಾಂಬರು ಅಥವಾ ಚೆನ್ನಾಗಿ ಒತ್ತಿದ ಸಮತಟ್ಟು ನೆಲ, ಆಮೇಲೆ ಟೈರ್ ಗೋಡೆ: ನಿಮ್ಮ ವೇಗಗಳಿಗೆ ಇದೇ ಸರಿ.

ಡಾಂಬರಿನ ಅಂಚಿಗೂ ಪಕ್ಕದ ಮಣ್ಣಿಗೂ ಎತ್ತರದ ವ್ಯತ್ಯಾಸ ಇರಕೂಡದು. ಕೆಂಪು ಮಣ್ಣು ಒಂದು ಜೋರು ಮಳೆಗೆ ಎರಡು ಮೂರು ಇಂಚು ಕೊಚ್ಚಿಹೋಗುತ್ತದೆ. ಎರಡು ಚಕ್ರ ಹೊರಗಿಳಿದ ಹೊಸಬ ಆ ಅಂಚನ್ನು ಹತ್ತಲು ಸ್ಟಿಯರಿಂಗ್ ಎಳೆಯುತ್ತಾನೆ, ಟೈರ್ ಒಮ್ಮೆಲೇ ಹಿಡಿದುಕೊಳ್ಳುತ್ತದೆ, ಕಾರು ಟ್ರ್ಯಾಕಿಗೆ ಅಡ್ಡಲಾಗಿ ಹಾರಿ ಎದುರು ಬದಿಗೆ ಹೋಗುತ್ತದೆ. ಕ್ಲಬ್ ಮಟ್ಟದಲ್ಲಿ ಮತ್ತೆ ಮತ್ತೆ ನಡೆಯುವ ಅಪಘಾತ ಇದು. ತಡೆಯಲು ಬೇಕಾದ್ದು ಪ್ರತಿ ವಾರ ಒಂದು ಟ್ರ್ಯಾಕ್ಟರ್ ಮಣ್ಣು, ಅಂಚಿನುದ್ದಕ್ಕೂ ಗರಿಕೆ.

ಟೈರ್ ಗೋಡೆ ಎಂದರೆ ಹಳೇ ಟೈರ್ ಪೇರಿಸುವುದಲ್ಲ. ಬಿಡಿ ಟೈರುಗಳು ಹೊಡೆತಕ್ಕೆ ಚೆಂಡಿನಂತೆ ಹಾರುತ್ತವೆ. ಒಂದೇ ಅಳತೆಯ ಟೈರುಗಳನ್ನು ಬೋಲ್ಟ್ ಹಾಕಿ ಒಂದಕ್ಕೊಂದು ಬಿಗಿದು, ಕನಿಷ್ಠ ಒಂದು ಮೀಟರ್ ಎತ್ತರ, ವೇಗದ ಜಾಗದಲ್ಲಿ ನಾಲ್ಕು ಸಾಲು, ನಿಧಾನದಲ್ಲಿ ಎರಡು ಸಾಲು ನಿಲ್ಲಿಸಿ. ಮುಂದೆ 12 ಮಿ.ಮೀ. ದಪ್ಪದ ಕನ್ವೇಯರ್ ಬೆಲ್ಟ್ ಕಟ್ಟಿ. ಕ್ರಷರ್‌ಗಳಲ್ಲಿ ತೆಗೆದುಹಾಕಿದ ಬೆಲ್ಟ್ ಆಗುತ್ತದೆ, ಒಳಗಿನ ಉಕ್ಕಿನ ತಂತಿ ಹೊರಗೆ ಚಾಚಿರಬಾರದು ಅಷ್ಟೆ. ಪ್ರತಿ ಟೈರಿನ ಕೆಳಬದಿಗೆ ಎರಡು ತೂತು ಕೊರೆಯಿಸಿ. ಇಲ್ಲದಿದ್ದರೆ ನೀರು ನಿಂತು ಸೊಳ್ಳೆ ಹುಟ್ಟುತ್ತದೆ, ಡೆಂಗಿ ಕಾಲದಲ್ಲಿ ಪಂಚಾಯಿತಿಯವರು ಬಂದು ಕೇಳುವ ಮೊದಲ ಪ್ರಶ್ನೆಯೇ ಅದು.

ಬೈಕುಗಳನ್ನು ಮೊದಲ ವರ್ಷ ಸೇರಿಸಿಕೊಳ್ಳಬೇಡಿ ಎಂಬುದು ನನ್ನ ಅಭಿಪ್ರಾಯ. ಕಾರಿನವನನ್ನು ಕಾಪಾಡುವ ಗಾರ್ಡ್‌ರೈಲ್‌ನ ಕಂಬವೇ ಬೈಕಿನವನಿಗೆ ಕಂಟಕ. ನೂರರ ವೇಗದಲ್ಲಿ ಬಿದ್ದ ಸವಾರ ಡಾಂಬರಿನ ಮೇಲೆ 70–80 ಮೀಟರ್ ಜಾರಬಹುದು. ಅವನಿಗೆ ಬೇಕಾದ್ದು ಇನ್ನೂ ದೊಡ್ಡ ರನ್-ಆಫ್, ಗಾಳಿ ತುಂಬಿದ ಏರ್‌ಫೆನ್ಸ್, ಜಾರದಂಥ ಬಣ್ಣ ಬಳಿದ ಕರ್ಬ್. ಹಠ ಹಿಡಿಯುವುದಾದರೆ ವೇಗದ ಭಾಗವನ್ನು ಬಿಟ್ಟು ಹಳೇ ಲೂಪಿನಲ್ಲಿ ಮಾತ್ರ, ಕಾರುಗಳಿಲ್ಲದ ದಿನ, ಸಣ್ಣ ಸಿಸಿ ಬೈಕುಗಳಿಗೆ ಕೊಡಿ.

ಸದ್ದಿನ ಭಯ ನ್ಯಾಯವಾದದ್ದೇ. ದೂರ ಎರಡು ಪಟ್ಟಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. 15 ಮೀಟರಿನಲ್ಲಿ 95 ಡೆಸಿಬಲ್ ಇರುವ ಕಾರು 600 ಮೀಟರ್ ಆಚೆ 63 ಆಗಿ ಕೇಳುತ್ತದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಹಗಲಿನ ಮಿತಿ 55. ಆ 55 ಇಡೀ ಅವಧಿಯ ಸರಾಸರಿ ನಿಜ, ಆದರೆ ಟ್ರ್ಯಾಕಿನ ಮೇಲೆ ಒಂದೇ ಕಾರು ಇರುವುದಿಲ್ಲ. ಸಾಲು ಮರ ನೆಟ್ಟರೆ ಸದ್ದು ನಿಲ್ಲುತ್ತದೆ ಎಂಬುದು ತಪ್ಪು ತಿಳಿವಳಿಕೆ, ಎಲೆಗಳು ತಡೆಯುವುದು ಬಹಳ ಕಡಿಮೆ. ಕೆಲಸ ಮಾಡುವುದು ಮಣ್ಣಿನ ದಿಬ್ಬ, ಅದೂ ಟ್ರ್ಯಾಕಿಗೆ ಹತ್ತಿರವಿದ್ದು ಎಕ್ಸಾಸ್ಟ್ ಕಾಣದಷ್ಟು ಎತ್ತರವಿದ್ದರೆ 5ರಿಂದ 10 ಡೆಸಿಬಲ್ ಕಡಿಮೆಯಾಗುತ್ತದೆ. ಬಂಡೆ ಕಡಿದು, ನೆಲ ಸಮತಟ್ಟು ಮಾಡಿದ ಮಣ್ಣು ನಿಮ್ಮಲ್ಲೇ ಸಿಗುವುದರಿಂದ ಅದನ್ನು ಹೊರಗೆ ಸಾಗಿಸಬೇಡಿ. ಗೇಟಿನಲ್ಲಿ ಮೀಟರ್ ಇಟ್ಟು, ಎಕ್ಸಾಸ್ಟಿನಿಂದ ಅರ್ಧ ಮೀಟರ್ ದೂರದಲ್ಲಿ ಅಳೆದು, ಮಿತಿ ಮೀರಿದ ಗಾಡಿಯನ್ನು ವಾಪಸ್ ಕಳಿಸುವ ಪದ್ಧತಿ ಮೊದಲ ದಿನದಿಂದಲೇ ಇರಲಿ.

ಕಾಗದಪತ್ರ ಸರಿಯಿದ್ದರೆ ಸಾಕು ಅಂದುಕೊಳ್ಳಬೇಡಿ. ಇಂಗ್ಲೆಂಡಿನ ಉತ್ತರ ಯಾರ್ಕ್‌ಷೈರ್‌ನ ಕ್ರಾಫ್ಟ್ ಸರ್ಕ್ಯೂಟ್‌ಗೆ ಯೋಜನಾ ಅನುಮತಿ ಇತ್ತು. ಆದರೂ ನೆರೆಮನೆಯವರು ಹೂಡಿದ ದಾವೆಯಲ್ಲಿ 2009ರಲ್ಲಿ ಮೇಲ್ಮನವಿ ನ್ಯಾಯಾಲಯ, ಜೋರು ಸದ್ದಿನ ದಿನಗಳನ್ನು ವರ್ಷಕ್ಕೆ 40ಕ್ಕೆ ಕಟ್ಟಿಹಾಕಿತು. ಅದು ಅಲ್ಲಿಯ ಕಾನೂನು, ಆದರೆ ಎಲ್ಲ ಊರಿನ ಜನರ ತಾಳ್ಮೆಯೂ ಒಂದೇ ತೆರನದ್ದು. ಪರೀಕ್ಷೆ, ಮದುವೆ, ಜಾತ್ರೆಯ ದಿನಗಳ ಪಟ್ಟಿಯನ್ನು ಊರಿನವರಿಂದಲೇ ಕೇಳಿ ಪಡೆದು ಆ ದಿನ ಗೇಟು ಮುಚ್ಚಿ. ಕೃಷಿ ಜಮೀನಿಗೆ ಭೂಪರಿವರ್ತನೆ, ರಾಜಕಾಲುವೆ ಇದ್ದರೆ ಸರ್ವೆಯವರಿಂದ ಅದರ ಗಡಿ ಗುರುತು, ಸಾರ್ವಜನಿಕ ಹೊಣೆ ವಿಮೆ, ಇವು ಡಾಂಬರಿಗೆ ಮುಂಚೆ ಆಗಬೇಕು. ಬಂದವರಿಂದ ಸಹಿ ಮಾಡಿಸಿಕೊಳ್ಳುವ ‘ನನ್ನ ಹೊಣೆ ನನ್ನದೇ’ ಎಂಬ ಪತ್ರ ಒಳ್ಳೆಯದೇ, ಆದರೆ ನಿಮ್ಮ ಕಡೆಯ ನಿರ್ಲಕ್ಷ್ಯವನ್ನು ಅದು ಮುಚ್ಚುವುದಿಲ್ಲ.

ಇನ್ನು ನಿಮ್ಮ ಮುಂದಿರುವ ದಾರಿಗಳು. ಅಗ್ಗದ್ದು: ಕಾರ್ಟ್ ಟ್ರ್ಯಾಕ್ ಹಾಗೇ ಇಟ್ಟು ಹೊಸ ಜಮೀನಿನಲ್ಲಿ ಒಂದು ದೊಡ್ಡ ಡಾಂಬರು ಅಂಗಳ ಮಾಡಿ ಆಟೋಕ್ರಾಸ್ (ಕೋನ್ ಇಟ್ಟು ಗುರುತಿಸಿದ ದಾರಿಯಲ್ಲಿ ಒಬ್ಬೊಬ್ಬರೇ ಸಮಯದ ವಿರುದ್ಧ ಓಡಿಸುವ ಸ್ಪರ್ಧೆ), ತರಬೇತಿ ನಡೆಸುವುದು. ವೇಗ ಕಡಿಮೆ, ಅಪಾಯ ಕಡಿಮೆ, ಆದರೆ ಸರ್ಕ್ಯೂಟ್ ಬೇಕೆಂದು ಬಂದವರು ನಿಲ್ಲುವುದಿಲ್ಲ. ಎರಡನೆಯದು ಇಡೀ ಟ್ರ್ಯಾಕನ್ನು ಕೆಡವಿ ಒಂದೇ 1.8 ಕಿ.ಮೀ. ಮಾಡುವುದು. ಕಟ್ಟುವ ತಿಂಗಳುಗಳಲ್ಲಿ ಕಾರ್ಟಿಂಗಿನ ಆದಾಯವೂ ನಿಲ್ಲುತ್ತದೆ.

ನಾನು ಒಲಿಯುವುದು ಮೂರನೆಯದಕ್ಕೆ: 14 ಎಕರೆಯಲ್ಲಿ ಸುಮಾರು 900 ಮೀಟರಿನ ಹೊಸ ಲೂಪ್ ಕಟ್ಟಿ, ಅಗಲಿಸಿದ ಹಳೇ ಭಾಗಕ್ಕೆ ಎರಡು ಕಡೆ ಕೂಡಿಸುವುದು. ಕ್ಯಾಲಿಫೋರ್ನಿಯಾದ ಥಂಡರ್‌ಹಿಲ್ ರೇಸ್ ಟ್ರ್ಯಾಕನ್ನು ನಡೆಸುವುದು ಹವ್ಯಾಸಿಗಳ ಕ್ಲಬ್ಬೇ. 1993ರಲ್ಲಿ ಶುರುವಾಗಿ ಮೊದಲ ಟ್ರ್ಯಾಕ್ ಬೆಳೆದು 3 ಮೈಲಿಯಾಯಿತು, 2014ರಲ್ಲಿ ಪಕ್ಕದಲ್ಲೇ 2 ಮೈಲಿಯ ಇನ್ನೊಂದು ಬಂತು. ಎರಡನ್ನೂ ಒಂದೇ ದಿನ ಬೇರೆ ಬೇರೆಯವರಿಗೆ ಕೊಡಬಹುದು, ಬೇಕಾದರೆ ಸೇರಿಸಿ 5 ಮೈಲಿ ಓಡಿಸಬಹುದು. ನಿಮ್ಮಲ್ಲೂ ವಾರದ ದಿನಗಳಲ್ಲಿ ಹಳೇ ಲೂಪಿನಲ್ಲಿ ಕಾರ್ಟ್, ಹೊಸದರಲ್ಲಿ ಚಾಲನಾ ತರಬೇತಿ, ಭಾನುವಾರ, ಕೂಡುವ ಜಾಗಗಳ ನಡುವಿನ ತುಂಡು ಬಿಟ್ಟು, ಎರಡೂ ಸೇರಿ 1.7 ಕಿ.ಮೀ.ಯ ಟ್ರ್ಯಾಕ್ ಡೇ. ಇದರ ಅಪಾಯ ಕೂಡುವ ಜಾಗಗಳಲ್ಲಿದೆ. ಬೇರೆ ಬೇರೆ ಓಡುವ ದಿನ ಅಲ್ಲಿ ಕೋನ್ ಇಟ್ಟರೆ ಸಾಲದು, ಜರುಗಿಸಬಹುದಾದ ಕಾಂಕ್ರೀಟ್ ಬ್ಲಾಕಿನ ಮುಂದೆ ಟೈರ್ ಸಾಲು ಇರಬೇಕು. ಆ ಜೋಡಣೆ ನೇರ ದಾರಿಯ ತುದಿಗೆ ಬರಲೇಬಾರದು. ಬಾವುಟ ತೋರಿಸಿ ಚಾಲಕರನ್ನು ಎಚ್ಚರಿಸುವವರು ನಿಲ್ಲುವ ಮಾರ್ಷಲ್ ಪೋಸ್ಟ್‌ಗಳು ಪ್ರತಿಯೊಂದೂ ಮುಂದಿನದಕ್ಕೆ ಕಾಣುವಂತೆ ಆರೋ ಏಳೋ ಬೇಕಾಗುತ್ತವೆ. ಆ್ಯಂಬುಲೆನ್ಸ್ ಆಸ್ಪತ್ರೆಗೆ ಹೋಗಿದ್ದರೆ ಅದು ವಾಪಸ್ ಬರುವವರೆಗೆ ಟ್ರ್ಯಾಕ್ ಮುಚ್ಚಿರಬೇಕು. ಎರಡನೇ ಆ್ಯಂಬುಲೆನ್ಸ್ ಯಾಕೆ ಬೇಕು ಎಂದು ಕೇಳುವ ಪಾಲುದಾರರಿಗೆ ಇದನ್ನೇ ಹೇಳಿ.

ಈಗ ಖರ್ಚು ಮಾಡಬೇಕಾದ್ದು ಒಂದೇ ಕಡೆ, ಇಡೀ 36 ಎಕರೆಯ ಎತ್ತರ ತಗ್ಗಿನ ಸರ್ವೆಗೆ. ಕಾಲು ಮೀಟರ್ ಅಂತರದ ಗೆರೆಗಳಿರುವ ನಕ್ಷೆ ಕೇಳಿ. ಸರ್ವೆಯವರು ಬರುವ ಮೊದಲು, ಒಂದು ಜೋರು ಮಳೆಯ ಮರುದಿನ ನೀವೇ ಒಮ್ಮೆ ಸುತ್ತಿ ನೀರು ನಿಂತ, ಮಣ್ಣು ಕೊರೆದುಹೋದ ಜಾಗಗಳಿಗೆಲ್ಲ ಗೂಟ ಹೊಡೆದಿಡಿ, ಅವೂ ನಕ್ಷೆಯಲ್ಲಿ ಬರಲಿ. ಕಂಟ್ರಾಕ್ಟರಿಗೆ ಮುಂಗಡ ಕೊಡುವುದು ಆ ನಕ್ಷೆಯ ಮೇಲೆ ರನ್-ಆಫ್ ಗುರುತು ಮಾಡಿದ ನಂತರ.